ಮಾತಿನ ಡಾಕ್ಟರು, ನಮ್ಮಕ್ಕ ಮತ್ತು ನನ್ನ ಅಂಜಿಕೆ

ಈಚೆಗೆ ನನಗೆ ಒಂದು ಲೋಟ ನೀರು ಕುಡಿಯಲೂ ಹೆದರಿಕೆ. ನಗಬೇಡಿ. ಇಷ್ಟು ವರ್ಷ ಗಟಗಟ ಕುಡಿದವನು ಈಗ ಗುಟುಕನ್ನು ಬಾಯಲ್ಲಿಟ್ಟುಕೊಂಡು, ಇದು ಅನ್ನದ ದಾರಿಗೆ ಇಳಿಯುತ್ತದೋ ಉಸಿರಿನ ದಾರಿಗೆ ಇಳಿಯುತ್ತದೋ ಎಂದು ಯೋಚಿಸುತ್ತೇನೆ. ಯೋಚಿಸಿದ ಕೂಡಲೇ ಕೆಮ್ಮು ಬರುತ್ತದೆ. ಕೆಮ್ಮಿದ ಕೂಡಲೇ ಹೆಂಡತಿ ಶಾಂತಾ ಅಡುಗೆಮನೆಯಿಂದ "ಮತ್ತ ವಿಚಾರ ಮಾಡಿದ್ರೇನ್ರಿ?" ಎನ್ನುತ್ತಾಳೆ. ಈ ಜ್ಞಾನ ನನಗೆ ಬಂದದ್ದು ಮಾತಿನ ಡಾಕ್ಟರಿಂದ.

ಮಾತಿಗೂ ಡಾಕ್ಟರು ಇರುತ್ತಾರೆ ಎಂಬುದು ಶಹಾಬಾದದ ನಮ್ಮ ಓಣಿಗೆ ಹೊಸ ಸುದ್ದಿ. ನಾವು ಚಿಕ್ಕವರಿದ್ದಾಗ ಮಾತು ತಡವಾದ ಮಗುವಿಗೆ ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಿದ್ದರು. ತೊದಲುವವನಿಗೂ ಅದೇ ಬಜೆ, 'ರ' ಬಾರದವನಿಗೂ ಅದೇ ಬಜೆ. ಅದಕ್ಕೂ ಬಗ್ಗದಿದ್ದರೆ ಮಾಸ್ತರರ ಛಡಿ. ನಮ್ಮ ಕಾಲದ ವಾಕ್‌ಚಿಕಿತ್ಸೆ ಇಷ್ಟೇ. ಇದರಲ್ಲಿ ಗುಣವಾದವರನ್ನು ನಾನು ಕಂಡಿಲ್ಲ, ಸುಮ್ಮನಾದವರನ್ನು ಕಂಡಿದ್ದೇನೆ.

ನಮ್ಮ ಅಕ್ಕ ನೀಲಮ್ಮನಿಗೆ ಲಕ್ವಾ ಹೊಡೆದಾಗ ಬಲಗೈ ಸೋತಿತು, ಮಾತು ಪೂರಾ ನಿಂತಿತು. ಕಲಬುರಗಿಯ ಆಸ್ಪತ್ರೆಯಿಂದ ವಾರಕ್ಕೊಮ್ಮೆ ಮನೆಗೆ ಬರಲು ಒಪ್ಪಿದವರು ಸುಮಾ ಎಂಬ ತರುಣಿ, ಮೈಸೂರು ಕಡೆಯವರು. ಅವರು 'ಆ ಅನ್ನಿ' ಎನ್ನುತ್ತಾರೆಂದು ನಾನು ಕಾದರೆ, ಅವರು ಅಕ್ಕನ ಬಾಯಿಗೆ ಒಂದು ಚಮಚ ನೀರು ಹಾಕಿ ಗಂಟಲ ಮೇಲೆ ಬೆರಳಿಟ್ಟು ಕೂತರು. "ನುಂಗೋದನ್ನ ನೋಡೋದೂ ನಮ್ಮ ಕೆಲಸಾನೇ ಸರ್" ಎಂದರು. ಅವರ ಜೊತೆ ಓದಿದವರಲ್ಲಿ ಒಬ್ಬರು ಬರೀ ನುಂಗುವಿಕೆಯನ್ನೇ ನೋಡುತ್ತಾರಂತೆ. ಇನ್ನೊಬ್ಬರು ತೊದಲುವವರಿಗೆ, ಮತ್ತೊಬ್ಬರು ಕೂಗಿ ಕೂಗಿ ದನಿ ಕಳೆದುಕೊಂಡ ಮಾಸ್ತರರಿಗೆ. ಕ್ಯಾನ್ಸರಿನಿಂದ ಧ್ವನಿಪೆಟ್ಟಿಗೆಯನ್ನೇ ತೆಗೆಸಿಕೊಂಡವರಿಗೆ ಮಾತು ಕಲಿಸುವವರೂ ಇದ್ದಾರಂತೆ. ತಜ್ಞರು ಹೆಚ್ಚಿದಷ್ಟೂ ನನಗೆ ಧೈರ್ಯ ಬರಬೇಕಿತ್ತು. ನನ್ನ ತಲೆ ಉಲ್ಟಾ ಓಡಿತು. ಇಷ್ಟು ಜನ ತಜ್ಞರು ಬೇಕೆಂದರೆ ಮನುಷ್ಯನ ಬಾಯಿಯಿಂದ ಗಂಟಲಿನವರೆಗಿನ ಒಂದು ಗೇಣು ಜಾಗದಲ್ಲಿ ಕೆಡಲು ಎಷ್ಟೊಂದು ಇದೆ! ಅಂದಿನಿಂದ ಶೇಂಗಾ ಹಿಂಡಿ ಹಚ್ಚಿದ ರೊಟ್ಟಿಯ ತುತ್ತೂ ನನಗೆ ಪರೀಕ್ಷೆಯಾಗಿದೆ.

ಇದೆಲ್ಲ ಚಿಲ್ಲರೆ ಹೆದರಿಕೆ. ದೊಡ್ಡದು ಬೇರೆ ಇತ್ತು. ಅಕ್ಕ ಸೇಡಂ ಆಚೆ, ತೆಲುಗು ಗಡಿಯ ಊರಿಗೆ ಮದುವೆಯಾಗಿ ಹೋಗಿದ್ದಳು. ಗಂಡ ತೀರಿದ ಮೇಲೆ ಮರಳಿ ಬಂದು ನೆಲಕ್ಕೆ ಹಾಸುವ ಫರ್ಸಿ ಕಲ್ಲಿಗೆ ಪಾಲಿಶ್ ಮಾಡುವ ಕಾರ್ಖಾನೆ ನಡೆಸಿದಳು. ಮಷಿನ್ನು ಓಡುತ್ತಿರುವಾಗಲೂ ಅವಳ ದನಿ ಗೇಟಿನ ಲಾರಿಗೆ ಕೇಳುತ್ತಿತ್ತು. ಈಗ ಅದೇ ಅಕ್ಕ ಕಿಟಕಿಯ ಬಳಿ ಕೂತು ಬಾಯಿ ತೆರೆಯುತ್ತಿದ್ದಳು, ಏನೂ ಬಾರದೆ ಮುಚ್ಚುತ್ತಿದ್ದಳು. ಅವಳ ಮಾತು ಬಾರದೇ ಹೋದರೆ ನನ್ನನ್ನು 'ಏ ಶಿವ್ಯಾ' ಎಂದು ಬಯ್ಯುವವರು ಈ ಭೂಮಿಯ ಮೇಲೆ ಇನ್ನು ಯಾರೂ ಇಲ್ಲ. ನನ್ನ ದೊಡ್ಡ ಹೆದರಿಕೆ ಅದು.

"ನಿಮ್ಮ ಅಕ್ಕನ ಜೊತೆ ಮನೆಯಲ್ಲಿ ಯಾವ ಭಾಷೆ ಮಾತಾಡ್ತೀರಿ?" ಎಂದು ಸುಮಾ ಕೇಳಿದ್ದರು. ನಮ್ಮ ಕಡೆಯವರಿಗೆ ಈ ಪ್ರಶ್ನೆ ಕೇಳಬಾರದು. ಬೆಳಿಗ್ಗೆ ಹಾಲಿನವನ ಜೊತೆ ದಖನಿ ಉರ್ದು, ಸಂತೆಯಲ್ಲಿ ತೆಲುಗು, ನೆಂಟರ ಜೊತೆ ಅರ್ಧ ಮರಾಠಿ ಆಡುವ ನಾವು, ಪರಸ್ಥಳದವರು ಕೇಳಿದ ಕೂಡಲೇ ನೆಟ್ಟಗೆ ನಿಂತು 'ಕನ್ನಡ' ಎನ್ನುತ್ತೇವೆ. ನಾನೂ ಹಾಗೇ ಅಂದೆ, ಅದೂ ಕನ್ನಡ ಲೆಕ್ಚರರ್ ಆಗಿದ್ದವನ ಗತ್ತಿನಲ್ಲಿ. "ಹಾಗಾದ್ರೆ ನಿಧಾನವಾಗಿ, ಸ್ಪಷ್ಟವಾಗಿ ಕನ್ನಡದಲ್ಲೇ ಮಾತಾಡಿ" ಎಂದು ಹೇಳಿ ಹೋದರು.

ಸ್ಪಷ್ಟ ಎಂಬ ಮಾತನ್ನು ನಾನು ಶುದ್ಧ ಎಂದು ತಿಳಿದೆ. ವಿಜ್ಞಾನಕ್ಕೆ ಮರ್ಯಾದೆ ಕೊಡಬೇಕಲ್ಲ! ಮರುದಿನ ಅಕ್ಕನ ಮುಂದೆ ಕೈಕಟ್ಟಿ ನಿಂತು, "ಅಕ್ಕಾ, ಉಪಾಹಾರವನ್ನು ಸ್ವೀಕರಿಸುವೆಯಾ? ಔಷಧವನ್ನು ಸೇವಿಸಿದೆಯಾ?" ಎಂದೆ. ಇಡೀ ಮನೆ ಹೀಗೇ ಮಾತಾಡಬೇಕೆಂದು ಅಪ್ಪಣೆ ಮಾಡಿದೆ. ಒಂದೆರಡು ದಿನದಲ್ಲಿ ಅಕ್ಕ ನನ್ನನ್ನು ಕಂಡರೆ ಸರಿದು ಕೂರತೊಡಗಿದಳು. ಎಡಗೈಯಿಂದ ಶಾಂತಾಳ ಸೆರಗು ಹಿಡಿದುಕೊಂಡಳು, ಕಣ್ಣಲ್ಲಿ ನೀರು. ರೋಗ ಮಿದುಳಿಗೆ ಇನ್ನಷ್ಟು ಏರಿತೆಂದು ಶಾಂತಾಳನ್ನು ಪಕ್ಕಕ್ಕೆ ಕರೆದು ಹೇಳಿದೆ.

"ರೋಗ ಅಲ್ರಿ, ಅಕ್ಕಾರು ನಿಮಗ ಅಂಜ್ಯಾರ" ಎಂದಳು ಶಾಂತಾ. "ನೀವು ಶ್ರದ್ಧಾಂಜಲಿ ಸಭಾದಾಗ ಮಾತಾಡಿದಂಗ ಮಾತಾಡಾಕತ್ತೀರಿ. ನಾ ಸಾಯಾಕತ್ತೀನಿ ಅಂತ ತಿಳ್ಕೊಂಡಾರ ಪಾಪ."

ನಾನು ಈ ಊರಿನ ಖಾಯಂ ಶ್ರದ್ಧಾಂಜಲಿ ಭಾಷಣಕಾರ. ಅಂಥ ಕನ್ನಡವನ್ನು ಅಕ್ಕ ನನ್ನ ಬಾಯಿಂದ ಕೇಳಿದ್ದು ಸತ್ತವರ ಫೋಟೋದ ಮುಂದೆ ಮಾತ್ರ. ನನಗೆ ನಾಚಿಕೆಯಾಯಿತು.

ಅದೇ ವಾರ ಕಾರ್ಖಾನೆಯ ಹಳೆಯ ಲಾರಿ ಡ್ರೈವರ್ ನರ್ಸಿಂಹಲು ಅಕ್ಕನನ್ನು ನೋಡಲು ಬಂದ. ತಾಂಡೂರಿನವನು, ತೆಲುಗಿನವನು. ಚಪ್ಪಲಿ ಬಿಡುತ್ತಲೇ, "ಎಟ್ಲುನ್ನವಕ್ಕಾ?" ಎಂದ, ಹೇಗಿದ್ದೀ ಎಂದು. ಅಕ್ಕ ತಿರುಗಿ ನೋಡಿದಳು. "ಬಾಗುನ್ನ. ಕೂಸೋ" ಎಂದಳು. ಚೆನ್ನಾಗಿದ್ದೇನೆ, ಕೂತ್ಕೋ! ಡ್ರೈವರ್ ಕೂತ. ನಾನೂ ಕೂತೆ, ನೆಲದ ಮೇಲೆ.

ಸುಮಾಗೆ ಫೋನ್ ಮಾಡಿದಾಗ ಅವರು ಸಂತೋಷದಿಂದ ಕೂಗಿದರು. ಹಲವು ಭಾಷೆ ಬಲ್ಲವರಿಗೆ ಹೀಗಾದಾಗ ಒಮ್ಮೊಮ್ಮೆ ಒಂದು ಭಾಷೆ ಮೊದಲು ಬರುತ್ತದೆ, ಇನ್ನೊಂದು ಹಿಂದೆ ಉಳಿಯುತ್ತದೆ, ಯಾವುದು ಯಾಕೆ ಎಂದು ಹುಡುಕುವುದೇ ಕೆಲವರ ಸಂಶೋಧನೆಯಂತೆ. "ಹಿಂದೆ ಉಳಿದದ್ದು ಬರುತ್ತೋ ಇಲ್ವೋ?" ಎಂದೆ. "ಹೇಳೋಕಾಗಲ್ಲ ಸರ್. ಈಗ ಬಂದಿರೋ ಭಾಷೇಲೇ ಮಾತಾಡಿಸಿ" ಎಂದರು.

ಹೇಳೋಕಾಗಲ್ಲ! ಆ ಮಾತು ನನ್ನ ನಿದ್ದೆ ಕೆಡಿಸಿತು. ಅಕ್ಕ ಮರಳಿ ಬಂದಿದ್ದಾಳೆ, ಆದರೆ ನಾನು ಕಾಲಿಡದ ಊರಿಗೆ. ಅವಳು ಶಾಶ್ವತವಾಗಿ ಅಲ್ಲೇ ಉಳಿದರೆ? ನನಗೆ ಗೊತ್ತಿದ್ದ ತೆಲುಗೆಂದರೆ ಸಂತೆಯಲ್ಲಿ ಬೆಲೆ ಕೇಳುವಷ್ಟು. ತಮ್ಮನಾದವನು ಅಕ್ಕನ ಜೊತೆ ಬದನೆಕಾಯಿಯ ದರ ಎಷ್ಟು ದಿನ ಮಾತಾಡಬಹುದು?

ಬೇರೆ ದಾರಿ ಇರಲಿಲ್ಲ, ಕಲಿಯಲು ಕೂತೆ. ದಿನಾ ಸಂಜೆ ನರ್ಸಿಂಹಲು ಫೋನಿನಲ್ಲಿ ಪಾಠ ಹೇಳುತ್ತಿದ್ದ, ನಾನು ಅದನ್ನು ಉರು ಹೊಡೆದು ಬೆಳಿಗ್ಗೆ ಅಕ್ಕನ ಮುಂದೆ ಒಪ್ಪಿಸುತ್ತಿದ್ದೆ. ಅಲ್ಲಿ ಚಿಕಿತ್ಸೆ ಯಾರಿಗೆ ನಡೆಯುತ್ತಿತ್ತೆಂದು ನೋಡಿದವರಿಗೆ ತಿಳಿಯುತ್ತಿರಲಿಲ್ಲ. ನಾನು ತಡವರಿಸುತ್ತಿದ್ದೆ, ಅಕ್ಕ ತಾಳ್ಮೆಯಿಂದ ಕಾಯುತ್ತಿದ್ದಳು, ತಪ್ಪಿದರೆ ಎಡಗೈ ಎತ್ತಿ ನಿಲ್ಲಿಸಿ ತಿದ್ದುತ್ತಿದ್ದಳು.

ಒಂದು ಬೆಳಿಗ್ಗೆ, ನೀರು ಕುಡಿಯುತ್ತೀಯಾ ಎಂದು ತೆಲುಗಿನಲ್ಲಿ ಕೇಳಬೇಕಿತ್ತು. ತಪ್ಪಿದೆ. ತಿದ್ದಿದಳು. ಮತ್ತೆ ತಪ್ಪಿದೆ. ಮತ್ತೆ ತಿದ್ದಿದಳು. ಇನ್ನೊಮ್ಮೆ ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಎಡಗೈಯಿಂದ ಹಣೆ ಚಚ್ಚಿಕೊಂಡಳು.

"ಏ ಶಿವ್ಯಾ, ನಿನಗ ಬರಂಗಿಲ್ಲ ಬಿಡೋ" ಎಂದಳು.

ಶಾಂತಾ ಅಡುಗೆಮನೆಯಿಂದ ಓಡಿ ಬಂದಳು. ನಾನು ಅಕ್ಕನ ಮೊಣಕಾಲಿಗೆ ಹಣೆ ಹಚ್ಚಿ ಹುಡುಗನಂತೆ ಅತ್ತೆ. ಇಷ್ಟು ವರ್ಷ ಎಷ್ಟೋ ಮಕ್ಕಳನ್ನು ಫೇಲ್ ಮಾಡಿದವನಿಗೆ ಫೇಲ್ ಆಗುವ ಸುಖ ಅಂದು ತಿಳಿಯಿತು.

ಕನ್ನಡ ಇನ್ನೂ ಪೂರ್ತಿ ಬಂದಿಲ್ಲ. ಸಿಟ್ಟು ಬಂದಾಗ ಮಾತ್ರ ಬರುತ್ತದೆ, ಸಿಟ್ಟು ಬರುವುದು ನನ್ನ ತೆಲುಗು ಕೇಳಿದಾಗ. ಹೀಗಾಗಿ ಪಾಠ ನಡೆದೇ ಇದೆ. ಮೊನ್ನೆ ನರ್ಸಿಂಹಲು, "ಈಗ ಛಲೋ ಮಾತಾಡ್ತೀರಿ ಸಾಬ್" ಎಂದು ಶಹಭಾಸ್ ಕೊಟ್ಟ. ಸದ್ಯಕ್ಕೆ ನನಗಿರುವ ಅತಿ ದೊಡ್ಡ ಭಯ ಅದೇ, ಎಲ್ಲಿ ನನಗೆ ತೆಲುಗು ಸರಿಯಾಗಿ ಬಂದುಬಿಡುತ್ತದೋ ಎಂದು.