ಸಿಡ್ನಿ ಕೇಳಿದ ತಲೆ

ಬ್ಯಾಂಕುಗಳೆಲ್ಲ ಗಡಗಡ ನಡುಗುತ್ತಿದ್ದ ವರ್ಷ ಅದು. ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್‌ನಲ್ಲಿ ನಮ್ಮ ಐಟಿ ತಂಡ, ಸಿಡ್ನಿಯಲ್ಲಿ ನಮ್ಮನ್ನು ಆಳುವವರು. ಒಬ್ಬರನ್ನು ತೆಗೆಯಿರಿ ಎಂದು ಅಲ್ಲಿಂದ ಹುಕುಂ ಬಂತು. ನನ್ನ ವೀಸಾ ಆ ಕೆಲಸಕ್ಕೇ ಗಂಟುಬಿದ್ದಿತ್ತು, ಇಲ್ಲೇ ಕಾಯಂ ನೆಲೆಸಲು ಬೇಕಾದ ಪಿಆರ್ ಇನ್ನೂ ಬಂದಿರಲಿಲ್ಲ. ಕೆಲಸ ಹೋದರೆ ದೇಶವನ್ನೇ ಬಿಡಬೇಕು.

ಪಕ್ಕದ ಸೀಟಿನಾಕೆ ಕೊರಿಯಾದವಳು, ನನಗಿಂತ ಹಿರಿಯಳು, ಜಗಮೊಂಡಿ. ಊಟದ ಹೊತ್ತಿಗೆ ತನ್ನ ದೇಶದ ಹಳೇ ಚರಿತ್ರೆ ಬಿಚ್ಚುತ್ತಿದ್ದಳು. ಏಳೆಂಟು ನೂರು ವರ್ಷದ ಹಿಂದೆ ಅಲ್ಲಿ ದೊರೆ ಹೆಸರಿಗೆ ಮಾತ್ರ, ಆಳುತ್ತಿದ್ದವರು ದಂಡನಾಯಕರು. ಮಂಗೋಲರು ಏರಿಬಂದಾಗ ಆ ಮಹಾಶಯರು ದೊರೆಯನ್ನೂ ಎಳೆದುಕೊಂಡು ದ್ವೀಪ ಸೇರಿದರಂತೆ. ದ್ವೀಪದಲ್ಲಿ ಔತಣ, ದಡದಲ್ಲಿ ಜನರ ಹೆಣ. ಕಡೆಗೆ ಮನೆಯ ಆಳೊಬ್ಬ ಒಡೆಯನನ್ನು ಕೊಂದು ತಾನೇ ಅಧಿಕಾರ ಹಿಡಿದ, ಅವನನ್ನು ಇನ್ನೊಬ್ಬ ಮುಗಿಸಿದ.

"ಪಾಪ, ಜನ!" ಎಂದೆ.

"ಜನರನ್ನು ಯಾರು ಕೇಳುತ್ತಾರೆ?" ಎಂದು ಡಬ್ಬಿಯ ಹುಳಿಕೋಸು, ಅವರ ಕಿಮ್ಚಿ, ಅಗಿದಳು.

ನಮ್ಮ ಮ್ಯಾನೇಜರ್ ಮೈಸೂರಿನವರು. ಅಷ್ಟರಲ್ಲಿ ಅವರು ಸಿಡ್ನಿಯ ದಿ ಪಾಂಡ್ಸ್ ಬಡಾವಣೆಯಲ್ಲಿ ಮನೆ ಕೊಂಡು, ಅಲ್ಲಿಗೇ ವರ್ಗ ಮಾಡಿಸಿಕೊಂಡು, ವಾರಕ್ಕೊಮ್ಮೆ ಮೆಲ್ಬರ್ನಿಗೆ ಬಂದುಹೋಗುತ್ತಿದ್ದರು. ಒಂದು ಮಧ್ಯಾಹ್ನ ನಮ್ಮ ಊಟದ ಮೇಜಿಗೆ ಬಂದು ಕೂತು, ಅವಳೆದುರಿಗೇ ನನಗೆ ಕನ್ನಡದಲ್ಲಿ ಹೇಳಿದರು: "ತಲೆ ಕೆಡಿಸ್ಕೋಬೇಡಮ್ಮ, ನೀನು ನಮ್ಮವಳು. ಇವಳ ಕಾಂಟ್ರಾಕ್ಟ್ ರಿನ್ಯೂ ಮಾಡಲ್ಲ. ಫ್ರೈಡೇ ಲಾಸ್ಟ್ ಡೇ. ಎಚ್‌ಆರ್‌ಗೆ ಮೇಲ್ ಹಾಕಾಯ್ತು."

ಅಯ್ಯೋ ದೇವರೇ! ಅದರಲ್ಲಿ ಕನ್ನಡ ಇದ್ದದ್ದು ಎಲೆ ತುದಿಯ ಉಪ್ಪಿನಕಾಯಿಯಷ್ಟು. ಗುಟ್ಟಾಗಿರಬೇಕಾದ ಪದಗಳೆಲ್ಲ ಇಂಗ್ಲಿಷ್! ಅವಳ ಕೈ ನಿಂತಿತು. ನಮ್ಮಿಬ್ಬರ ಮುಖ ನೋಡಿ, ಡಬ್ಬಿ ಮುಚ್ಚಿ, ಎದ್ದು ಹೋದಳು.

ಹೋದವಳು ನೇರ ಸಿಡ್ನಿಯ ದೊಡ್ಡವರಿಗೇ ಫೋನ್ ಮಾಡಿದಳು. ಮ್ಯಾನೇಜರ್ ಆಡಿದ್ದನ್ನು ಹೇಳಿದಳು. ಜೊತೆಗೆ, ತಂಡ ನನಗೆ ಕೊಡಿ, ಇನ್ನೂ ಕಡಿಮೆ ಜನರಲ್ಲಿ ನಡೆಸಿ ತೋರಿಸುತ್ತೇನೆ ಎಂದಳಂತೆ. ಅವರಿಗೆ ಬೇಕಾದದ್ದೂ ಅದೇ. ಆ ವಾರವೇ ಮ್ಯಾನೇಜರ್ ಮನೆಗೆ, ಕುರ್ಚಿ ಅವಳಿಗೆ. ಕೇಳಿದ ಒಂದು ತಲೆ ಉರುಳಿತಲ್ಲ, ನಾನು ಬಚಾವಾದೆ ಎಂದು ಒಳಗೊಳಗೇ ಖುಷಿಪಟ್ಟೆ.

ಮರುವಾರ ಅವಳು ನನ್ನನ್ನು ರೂಮಿಗೆ ಕರೆದು ಬಾಗಿಲು ಹಾಕಿದಳು. "ಸಿಡ್ನಿ ಇನ್ನೊಂದು ತಲೆ ಕೇಳಿದೆ."

"ನಾನೇನು ಮಾಡಿದೆ?"

"ಏನೂ ಮಾಡಿಲ್ಲ."

"ನನ್ನ ಪಿಆರ್ ಸಂಗತಿ ನಿನಗೆ ಗೊತ್ತಲ್ಲ!" ಎಂದು ಗೋಗರೆದೆ. ಕಾಲು ಹಿಡಿಯುವುದೊಂದು ಬಾಕಿ.

"ಗೊತ್ತು. ಅದಕ್ಕೇ ನೀನು. ಬೇರೆಯವರೆಲ್ಲ ಸಿಟಿಜನ್‌ಗಳು, ತೆಗೆದರೆ ಇಲ್ಲೇ ಇದ್ದು ಜಗಳ ಮಾಡುತ್ತಾರೆ. ನೀನು ದೇಶ ಬಿಟ್ಟು ಹೋಗುತ್ತೀಯ."

ಮೈಯೆಲ್ಲ ಉರಿದುಹೋಯಿತು. ಕೆನ್ನೆಗೆ ಬಾರಿಸಬೇಕೆನಿಸಿತು. ಆದರೆ ಊರಲ್ಲಿ ಕೆಲಸ ಹುಡುಕಲು ಅವಳದೇ ಒಂದು ರೆಫರೆನ್ಸ್ ಬೇಕಿತ್ತು. ಥ್ಯಾಂಕ್ಸ್ ಹೇಳಿ ಹೊರಗೆ ಬಂದೆ.