ಇಂಡಿಯಾ ಗೇಟಿಗೆ ಉಡಿ

ಹೊನವಾಡದ ಶಂಕ್ರೆವ್ವನಿಗೆ ಒಂದು ಚಟ: ಹೆಣ್ಣು ಕಂಡರೆ ಉಡಿ ತುಂಬುವುದು. ಬಾಣಂತಿಯೋ, ಮದುಮಗಳೋ, ಓಟಿನ ಡ್ಯೂಟಿಗೆ ಬಂದ ಟೀಚರೋ, ಯಾರೇ ಇರಲಿ, ಅವಳ ಮನೆಯಿಂದ ಬರಿ ಸೆರಗಿನಲ್ಲಿ ಹೊರಬಿದ್ದವರಿಲ್ಲ. ಅಂಥವಳು ಮಹಿಳಾ ಸಂಘದವರ ಜೊತೆ ದಿಲ್ಲಿಗೆ ಹೊರಟಾಗ ಬರಿಗೈಯಲ್ಲಿ ಹೋದಾಳೆಯೇ? ಇಂಡಿಯಾ ಗೇಟಿನ ತುಂಬ ಯುದ್ಧದಲ್ಲಿ ಸತ್ತವರ ಹೆಸರುಗಳಿವೆ ಎಂದು ಸೊಸೆ ನಿರ್ಮಲಾ ಹೇಳಿದ್ದೇ ತಡ, "ಅಷ್ಟು ಮಕ್ಕಳನ್ನ ಕೊಟ್ಟ ತಾಯಿಗಿ ಉಡಿ ತುಂಬಬೇಕಲ್ಲ" ಎಂದು ಕುಪ್ಪಸದ ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ತಮ್ಮದೇ ತೋಟದ ಒಣದ್ರಾಕ್ಷಿ ಎಲ್ಲ ಸೇರಿಸಿ ಗಂಟು ಕಟ್ಟಿದಳು. ಓಣಿಗೆಲ್ಲ ಡಂಗುರವೂ ಆಯಿತು.

ಗೇಟು ಕಂಡೊಡನೆ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪಂಜಾಬಿನವರ ಜೊತೆ, ಬಂಗಾಲದವರ ಜೊತೆ ಫೋಟೊ ತೆಗೆಸಿಕೊಂಡಳು. ಗುರುತಿಲ್ಲದವರ ಕೂಸನ್ನು ಎತ್ತಿ ಕುಣಿಸಿದಳು. ಅತ್ತೆಯ ಹಿಂದೆ ಓಡಿ ಓಡಿ ನಿರ್ಮಲಾ ಸುಸ್ತಾದಳು. ಕಡೆಗೆ ಶಂಕ್ರೆವ್ವ ಚಪ್ಪಲಿ ಕಳಚಿ ಗಂಟು ಬಿಚ್ಚುತ್ತಿದ್ದಂತೆ ಕಾವಲಿದ್ದ ಪೊಲೀಸ್ ಹುಡುಗಿ ಅಡ್ಡ ಬಂದಳು. ಪೂಜೆ ಗೀಜೆ ಇಲ್ಲಿ ನಡೆಯುವುದಿಲ್ಲ ಎಂದು ಅವಳು ಹಿಂದಿಯಲ್ಲಿ ಹೇಳಿದ್ದನ್ನು ನಿರ್ಮಲಾ ಕನ್ನಡಕ್ಕೆ ತಂದಳು.

ಶಂಕ್ರೆವ್ವನ ಮುಖ ಇಳಿದುಹೋಯಿತು. ಕಟ್ಟಿ ತಂದ ಉಡಿಯನ್ನು ತಿರುಗಿ ಮನೆಗೆ ಒಯ್ಯಬಾರದು. ಒಯ್ದರೆ ಅಪಶಕುನ, ಓಣಿಯವರ ನಗೆಚಾಟಿಕೆ ಬೇರೆ.

"ನೀ ಯಾ ಊರಾಕಿ ಯವ್ವಾ?" ಎಂದು ಹುಡುಗಿಯನ್ನೇ ಕೇಳಿದಳು. ಮಿಜೋರಾಂ ಅಂತೆ. ಹಬ್ಬಕ್ಕೂ ರಜೆ ಸಿಗದೆ, ತವರು ಕಾಣದೆ ಬಹಳ ದಿನವಾಯಿತಂತೆ.

"ತಾಯಿ ಸಿಗಲಿಲ್ಲಂದ್ರ ಏನಾತು, ಮಗಳು ಸಿಕ್ಕಾಳಲ್ಲ. ನಿರ್ಮಲಾ, ಸೆರಗು ಒಡ್ಡು ಅಂತ ಹೇಳು ಆಕಿಗಿ."

"ಪೊಲೀಸ್ ಡ್ರೆಸ್ಸಿಗಿ ಸೆರಗು ಎಲ್ಲಿಂದ ತರ್ಲಿ ಅತ್ತಿ?"

ಸುತ್ತಲಿದ್ದ ಸಂಘದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ವಿಷಯ ತಿಳಿದ ಹುಡುಗಿ ಅತ್ತಿತ್ತ ನೋಡಿ, ತಲೆಯ ಮೇಲಿನ ಟೋಪಿ ತೆಗೆದು ಎರಡೂ ಕೈಯಲ್ಲಿ ಒಡ್ಡಿದಳು. ಶಂಕ್ರೆವ್ವ ಅದರಲ್ಲಿ ಖಣ ಹಾಸಿ, ಅಕ್ಕಿ, ಕೊಬ್ಬರಿ, ದ್ರಾಕ್ಷಿ ತುಂಬಿ, ಅವಳ ಗಲ್ಲ ಸವರಿ ಲಟಿಕೆ ಮುರಿದಳು.

ತಿರುಗಿ ತಾನೇನು ಕೊಡಬೇಕೆಂದು ಹುಡುಗಿ ಕೇಳಿದಳು.

"ಏನೂ ಕೊಡೂದಿಲ್ಲ. ಉಡಿ ತುಂಬಿಸ್ಕೊಂಡ ಮಗಳು ಅವ್ವಗ 'ಬರ್ತೇನಿ ಬೇ' ಅನಬೇಕು, ಅಷ್ಟ."

ನಿರ್ಮಲಾ ಹೇಳಿಕೊಟ್ಟಳು. "ಬರ್ತೇನಿ ಬೇ" ಎಂದಳು ಹುಡುಗಿ. ಅನ್ನುವಷ್ಟರಲ್ಲಿ ಅವಳಿಗೂ ಶಂಕ್ರೆವ್ವನಿಗೂ ಕಣ್ಣು ತುಂಬಿ ಬಂದವು. ನಗು ಮಾತ್ರ ಇಬ್ಬರಿಗೂ ನಿಲ್ಲಲಿಲ್ಲ.

ಪ್ರವಾಸದ ಬಸ್ಸು ಹೊರಟಾಗ ಶಂಕ್ರೆವ್ವ ಕಿಟಕಿಯಲ್ಲಿ ತಲೆ ಹಾಕಿ, ಹುಡುಗಿಗೆ ತಿಳಿಯುತ್ತದೋ ಇಲ್ಲವೋ, ಕೂಗಿ ಹೇಳುತ್ತಲೇ ಇದ್ದಳು: "ವಿಜಾಪುರದಾಗ ಇಳದು ಟಿಕೋಟಾದ ಬಸ್ ಹತ್ತು. ಅಲ್ಲಿಂದ ಹೊನವಾಡ. ಯಾರನ್ನ ಕೇಳಿದ್ರೂ ನಿನ್ನ ಮನಿ ತೋರಸ್ತಾರ."