ನಂತೂರಿನ ಏರಿನಲ್ಲಿ ಹಿಂದೆ ಸರಿದ ಪಿಕಪ್

ಭಾವ, ನಿಮ್ಮ ಪಿಕಪ್ಪಿನ ಹಿಂದಿನ ಆ್ಯಕ್ಸಲಿಗೆ ನಾನು ಹಾಕಿದ ಹಲ್ಲುಚಕ್ರದ ಜೋಡಿ, ಕ್ರೌನ್-ಪಿನಿಯನ್, ಆ ಗಾಡಿಯದ್ದಲ್ಲ. ಹಾಕುವಾಗಲೇ ನನಗೆ ಅದು ಗೊತ್ತಿತ್ತು.

ಹಳೆಯದರ ಹಲ್ಲು ಮುರಿದು ಗಾಡಿ ನನ್ನ ಗ್ಯಾರೇಜಿಗೆ ಬಂದಾಗ ಸರಿಯಾದ ಜೋಡಿ ಊರಿನ ಯಾವ ಅಂಗಡಿಯಲ್ಲೂ ಇರಲಿಲ್ಲ. ತೊಕ್ಕೊಟ್ಟಿನಿಂದ ಟೈಲ್ಸ್ ತರಲು ನೀವು ಯಾರಿಗೋ ಮಾತು ಕೊಟ್ಟಾಗಿತ್ತು. "ನಾಳೆಗೆ ಆಗ್ತದಾ?" ಎಂದಿರಿ. ಆಗ್ತದೆ ಎಂದುಬಿಟ್ಟೆ. ಅಕ್ಕನ ಗಂಡನ ಮುಂದೆ ಆಗುವುದಿಲ್ಲ ಎನ್ನಲು ನನಗೆ ಎಂದೂ ಬಂದಿಲ್ಲ.

ಗುಜರಿಯಲ್ಲಿ ಅದೇ ಕಂಪೆನಿಯ ಬೇರೆ ಗಾಡಿಯ ಜೋಡಿ ಸಿಕ್ಕಿತು. ಸರಿಯಾಗಿ ಕುಳಿತಿತು, ಹಲ್ಲಿನ ಲೆಕ್ಕ ಮಾತ್ರ ಬೇರೆ. ಮೊದಲು ಚಕ್ರ ಒಂದು ಸುತ್ತು ಬರಲು ಇಂಜಿನ್ ಕಡೆಯಿಂದ ಬರುವ ಶಾಫ್ಟ್ ಐದು ಸುತ್ತು ತಿರುಗಬೇಕಿತ್ತು, ಈಗ ನಾಲ್ಕಕ್ಕೇ ಬರುತ್ತಿತ್ತು. ಸಮತಟ್ಟಾದ ಹೈವೇಯಲ್ಲಿ ಇಂಜಿನ್ನಿಗೆ ಆರಾಮ, ಡೀಸೆಲ್ ಉಳಿಯುತ್ತದೆ. ಆದರೆ ತುಂಬಿದ ಗಾಡಿಯನ್ನು ಏರಿನಲ್ಲಿ ಎತ್ತಲು ಬೇಕಾದ ಎಳೆತ ಅದರಲ್ಲಿಲ್ಲ. ನಾನು ನಿಮಗೆ, ಈ ಗಾಡಿಗೆ ಕಂಪೆನಿ ಕೊಡುವುದನ್ನೇ ಹಾಕಿದ್ದೇನೆ ಎಂದೆ.

ಒಂದು ವಾರ ಕಳೆದು ನೀವು ನಗುತ್ತ ಬಂದಿರಿ. "ಎಂತ ಮಾಡಿದಿ ಮಾರಾಯ? ಗಾಡಿ ಡೀಸೆಲ್ ಕುಡಿಯುವುದೇ ಇಲ್ಲ, ವ್ರತ ಉಂಟಾ ಅದಕ್ಕೆ?"

ಆಗಲೇ ಹೇಳಬಹುದಿತ್ತು. ನಾನೂ ನಕ್ಕೆ.

ಆಮೇಲೆ ಆ ಬೆಳಿಗ್ಗೆ — ಪಂಪ್‌ವೆಲ್ಲಿನಿಂದ ನಂತೂರಿಗೆ ಏರುವಲ್ಲಿ ಸಿಮೆಂಟಿನ ಲೋಡು, ಮುಂದೆ ಬಸ್ಸುಗಳು ನಿಂತಿದ್ದವು. ನಿಂತಲ್ಲಿಂದ ಪುನಃ ಎಬ್ಬಿಸಿ ಹೊರಡುವಾಗ ಗಾಡಿ ನಡುಗಿ ಆಫ್ ಆಯಿತು, ಹಿಂದೆ ಸರಿಯಿತು. ಎರಡನೇ ಸಲವೂ. ಹಿಂದಿನ ಕಾರಿಗೆ ತಾಗಿತು. ಕಾರಿನ ಹುಡುಗ ಇಳಿದು, "ಅಜ್ಜ, ಮನೆಯಲ್ಲಿ ಕುಳಿತುಕೊಳ್ಳಿ" ಎಂದನಂತೆ. ಅದನ್ನು ಹೇಳುವಾಗ ನೀವು ನನ್ನ ಮುಖ ನೋಡಲಿಲ್ಲ.

"ನನ್ನ ಕ್ಲಚ್ಚಿನ ಕಾಲು ಹೋಯ್ತು ಮಾರಾಯ," ಎಂದಿರಿ.

ನಾನು ಹೇಳಿದ್ದು — "ವಯಸ್ಸಾಯ್ತಲ್ಲ ಭಾವ."

ಇಷ್ಟೇ. ಸರಿಯಾದ ಜೋಡಿ ಅಷ್ಟರಲ್ಲಿ ಅಂಗಡಿಗೆ ಬಂದಿತ್ತು. ಆದರೆ ಆ್ಯಕ್ಸಲ್ ಬಿಚ್ಚಬೇಕಾದರೆ ಮೊದಲು ನನ್ನ ಸುಳ್ಳನ್ನು ಬಿಚ್ಚಬೇಕಿತ್ತು. ನೀವು ಗಾಡಿಯನ್ನು ಉಡುಪಿ ಕಡೆಯವರಿಗೆ ಕೊಟ್ಟಿರಿ. ಆಮೇಲೆ ಯಾವ ಸ್ಟಿಯರಿಂಗನ್ನೂ ಮುಟ್ಟಲಿಲ್ಲ. ನನ್ನ ಕಾರಿನಲ್ಲಿ ಪಕ್ಕ ಕುಳಿತಾಗ ಆ ಏರು ಬಂದರೆ ನಿಮ್ಮ ಎಡಗಾಲು ತಾನಾಗಿ ನೆಲವನ್ನು ಒತ್ತುತ್ತಿತ್ತು. ಒಮ್ಮೆ ಅದನ್ನು ನೀವೇ ಕಂಡು ಕಾಲು ಹಿಂದೆ ಎಳೆದುಕೊಂಡಿರಿ. ಆಗ ಬಾಯಿ ತೆರೆದೆ — ಸಿಗ್ನಲ್ ಬಿಟ್ಟಿತು ಎಂದೆ, ಅಷ್ಟೆ.

ಈಗ ನೀವಿಲ್ಲ. ನಿಮ್ಮ ಬೊಜ್ಜದ ದಿನ, ಸತ್ತವರಿಗೆಂದು ಒಳಗೆ ಬಡಿಸಿದ ಎಲೆಯ ಪಕ್ಕದಲ್ಲಿ ಅಕ್ಕ ಪಿಕಪ್ಪಿನ ಇನ್ನೊಂದು ಕೀ ಇಟ್ಟಳು. ಗಾಡಿ ಮಾರುವಾಗ ನೀವು ಅದನ್ನು ಕೊಟ್ಟಿರಲಿಲ್ಲವಂತೆ. ನೀವು ಬಂದು ಉಣ್ಣಲೆಂದು ಬಾಗಿಲು ಎಳೆದು ಎಲ್ಲರೂ ಹೊರಗೆ ನಿಂತೆವು. ಅಕ್ಕ ನನ್ನ ಕೈ ಹಿಡಿದು, "ಕೊನೆಕೊನೆಗೆ ಅವರಿಗೇ ಹೆದರಿಕೆ ಇತ್ತು. ನೀನು ಹೇಳಿ ನಿಲ್ಲಿಸಿದ್ದು ಒಳ್ಳೆಯದಾಯ್ತು" ಎಂದಳು.

ಅವಳ ಕೈಯಿಂದ ನನ್ನ ಕೈ ಬಿಡಿಸಿಕೊಳ್ಳಲು ಆಗಲಿಲ್ಲ.

ಅಕ್ಕನಿಗೆ ಹೇಳಬೇಕು. ಹೇಳಿದರೆ ಅವಳಿಗೆ ತಮ್ಮ ಉಳಿಯುತ್ತಾನೋ ಇಲ್ಲವೋ ತಿಳಿಯದು. ಹೇಳದಿದ್ದರೆ ಅವಳ ನೆನಪಿನಲ್ಲಿ ನೀವು ಹೆದರಿದವರಾಗಿಯೇ ಉಳಿಯುತ್ತೀರಿ. ಭಾನುವಾರ ಹೋಗುತ್ತೇನೆ ಎಂದುಕೊಂಡಿದ್ದೇನೆ. ಹಿಂದಿನ ಭಾನುವಾರವೂ ಅಂದುಕೊಂಡಿದ್ದೆ; ಅವಳ ಮನೆಗೆ ಹೋಗಿ, ಚಹಾ ಕುಡಿದು ಬಂದೆ.

ಅವಳಿಗೆ ಹೇಳಬೇಕಾದ ಮಾತು ಇದು, ಮೊದಲು ನಿಮಗೇ ಹೇಳಬೇಕಾಗಿದ್ದದ್ದು: ನಿಮ್ಮ ಕಾಲು ಹೋಗಿರಲಿಲ್ಲ, ಭಾವ. ಆ ಗಾಡಿಯನ್ನು ಆ ಏರಿನಲ್ಲಿ ಯಾರಿಗೂ ಎಬ್ಬಿಸಲು ಆಗುತ್ತಿರಲಿಲ್ಲ.